ಟುಡು ಪಟ್ಟಿಯಲ್ಲಿ ಬರೆದಿಟ್ಟರೆ ಬ್ರೌಸರೇ ಕೆಲಸ ಮುಗಿಸಿಬಿಡುತ್ತದೆಯೇ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಸೈಬರ್ ಸೆಂಟರ್‌ಗಳಲ್ಲಿ, ಗ್ರಾಮ ಒನ್ ಕೇಂದ್ರಗಳಲ್ಲಿ ಕಂಪ್ಯೂಟರ್ ಎಷ್ಟು ಮುಖ್ಯವೋ ಅದರ ಪಕ್ಕದ ನೋಟ್‌ಬುಕ್ಕೂ ಅಷ್ಟೇ ಮುಖ್ಯ. ಒಬ್ಬರಿಗೆ ಪಹಣಿ ಬೇಕು, ಇನ್ನೊಬ್ಬರಿಗೆ ಜಾತಿ ಪ್ರಮಾಣಪತ್ರ, ಮತ್ತೊಬ್ಬರದು ಪಿಎಂ ಕಿಸಾನ್ ಇ-ಕೆವೈಸಿ. 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂದು ಕಳಿಸಿದವರ ಹೆಸರೂ ಅದರಲ್ಲೇ ಇರುತ್ತದೆ. ಈ ನೋಟ್‌ಬುಕ್ಕನ್ನು ಮೊಬೈಲಿನ ಟುಡು ಆ್ಯಪ್‌ಗೆ ಹಾಕಿ, ಆ್ಯಪನ್ನು ಬ್ರೌಸರ್‌ಗೆ ಜೋಡಿಸಿದರೆ ಅರ್ಜಿಗಳೆಲ್ಲ ತಾವಾಗಿಯೇ ತುಂಬಿಕೊಳ್ಳುತ್ತವೆ ಎಂಬ ಮಾತು ಈಗ ವಿಡಿಯೊಗಳಲ್ಲಿ ಧಾರಾಳವಾಗಿ ಕೇಳಿಬರುತ್ತಿದೆ.

ಇದರಲ್ಲಿ ಅರ್ಧ ನಿಜ. ಜೋಡಿಸಬಹುದು, ಅದೇನೂ ರಾಕೆಟ್ ವಿಜ್ಞಾನವಲ್ಲ. ತೊಡಕಿರುವುದು ಅದರ ನಂತರ: ಕೆಲಸ 'ಆಯಿತು' ಎಂದು ಹೇಳುವವರು ಯಾರು?

ಮೊದಲು ಜೋಡಣೆ ಹೇಗೆಂದು ನೋಡೋಣ. ಟುಡುಇಸ್ಟ್, ಗೂಗಲ್ ಟಾಸ್ಕ್ಸ್, ಮೈಕ್ರೋಸಾಫ್ಟ್ ಟುಡು ಮುಂತಾದ ಆ್ಯಪ್‌ಗಳಿಗೆ ಎಪಿಐ ಎಂಬ ಹಿಂಬಾಗಿಲಿದೆ. ಬೇರೆ ಪ್ರೋಗ್ರಾಮ್‌ಗಳು ಈ ಬಾಗಿಲಿನಿಂದ ಬಂದು ಪಟ್ಟಿಯನ್ನು ಓದಬಹುದು, ಅದಕ್ಕೆ ಹೊಸ ಕೆಲಸ ಸೇರಿಸಬಹುದು, ಟಿಕ್ ಹಾಕಬಹುದು. ಹೊಸ ಕೆಲಸ ಸೇರಿದ ತಕ್ಷಣ ಆ್ಯಪ್ ತಾನೇ ಸುದ್ದಿ ಮುಟ್ಟಿಸುವ ವ್ಯವಸ್ಥೆಯೂ ಕೆಲವದರಲ್ಲಿದೆ, ಅದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಇಲ್ಲದಿದ್ದರೆ ನಮ್ಮ ಪ್ರೋಗ್ರಾಮ್ ಐದೋ ಹತ್ತೋ ನಿಮಿಷಕ್ಕೊಮ್ಮೆ ಹೋಗಿ 'ಹೊಸದೇನಾದರೂ ಬಂತೇ' ಎಂದು ಕೇಳಿಕೊಂಡು ಬರಬೇಕು. ಈ ಎರಡರ ನಡುವೆ ಓಡಾಡುವ ಕೆಲಸಕ್ಕೆ ಝೇಪಿಯರ್, ಎನ್8ಎನ್‌ನಂಥ ಸೇವೆಗಳಿವೆ.

ಇನ್ನೊಂದು ತುದಿಯಲ್ಲಿರುವುದು ಬ್ರೌಸರ್ ಆಟೊಮೇಶನ್. ಜೇಸನ್ ಹಗ್ಗಿನ್ಸ್ ಎಂಬ ಎಂಜಿನಿಯರ್ 2004ರಲ್ಲಿ ಥಾಟ್‌ವರ್ಕ್ಸ್ ಕಂಪನಿಯಲ್ಲಿದ್ದಾಗ ಸೆಲೆನಿಯಂ ಎಂಬ ಸಾಧನ ಮಾಡಿದರು. ಅದರ ಉದ್ದೇಶ ಅರ್ಜಿ ತುಂಬುವುದಾಗಿರಲಿಲ್ಲ. ತಾವು ಕಟ್ಟಿದ ವೆಬ್‌ಸೈಟ್ ಸರಿಯಾಗಿ ನಡೆಯುತ್ತಿದೆಯೇ ಎಂದು ಮತ್ತೆ ಮತ್ತೆ ಕ್ಲಿಕ್ ಮಾಡಿ ಪರೀಕ್ಷಿಸುವ ಬೇಸರದ ಕೆಲಸವನ್ನು ತಪ್ಪಿಸುವುದಾಗಿತ್ತು. ಮುಂದೆ 2017ರಲ್ಲಿ ಗೂಗಲ್‌ನ ಪಪೆಟಿಯರ್, 2020ರಲ್ಲಿ ಮೈಕ್ರೋಸಾಫ್ಟ್‌ನ ಪ್ಲೇರೈಟ್ ಬಂದವು. ಮೂರೂ ಮಾಡುವುದು ಹೆಚ್ಚುಕಡಿಮೆ ಒಂದೇ: ಪುಟ ತೆರೆ, ಈ ಹೆಸರಿನ ಪೆಟ್ಟಿಗೆ ಹುಡುಕು, ಅದರಲ್ಲಿ ಇದನ್ನು ಟೈಪ್ ಮಾಡು, ಆ ಬಟನ್ ಒತ್ತು. ಸೈಟಿನವರು ಬಟನ್ನಿನ ಹೆಸರು ಬದಲಿಸಿದ ದಿನ ಸ್ಕ್ರಿಪ್ಟ್ ಅಲ್ಲಿಯೇ ನಿಲ್ಲುತ್ತದೆ.

ಈಗ ನಮ್ಮ ಊರಿನ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಪಟ್ಟಿಯಲ್ಲಿ 'ಹಲ್ಗೂರು ಅಣ್ಣನ ಪಹಣಿ' ಎಂದು ಬರೆದಿದೆ. ಬರೆದವರಿಗೆ ಇಷ್ಟು ಸಾಕು. ಯಾವ ಅಣ್ಣ, ಯಾವ ಜಮೀನು ಎಲ್ಲ ತಲೆಯಲ್ಲಿದೆ. ಆದರೆ ಭೂಮಿ ಪೋರ್ಟಲ್ ಕೇಳುವುದು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಅದರ ಮೇಲೆ ಸರ್ನಾಕ್, ಹಿಸ್ಸಾ. ನಮ್ಮ ಬಾಯಲ್ಲಿ ಹಲ್ಗೂರಾದದ್ದು ಅಲ್ಲಿ ಹಲಗೂರು. ಆಡುಮಾತಿನ ಹೆಸರನ್ನು ಸ್ಕ್ರಿಪ್ಟ್ ಊಹಿಸಿಕೊಳ್ಳುವುದಿಲ್ಲ. ಹೋಬಳಿ ಎಂದರೆ ಹೋಬಳಿ, ಊರು ಎಂದರೆ ಊರು ಎಂದು ಬಿಡಿಸಿ ಕೊಡಬೇಕು. ಸಂವಹನ ಓದಿದವಳಾಗಿ ನನಗೆ ಇದೇ ಕುತೂಹಲದ ಜಾಗ. ಟುಡು ಪಟ್ಟಿಯೆಂದರೆ ನಾವು ನಮಗೇ ಬರೆದುಕೊಂಡ ಅರ್ಧ ವಾಕ್ಯ. ಉಳಿದರ್ಧ ನೆನಪಿನಲ್ಲಿರುತ್ತದೆ. ಯಂತ್ರಕ್ಕೆ ಬೇಕಿರುವುದು ಆ ಉಳಿದರ್ಧ, ಅದನ್ನು ಬರೆದು ಮುಗಿಸುವಷ್ಟರಲ್ಲಿ ಒಂದು ಪಹಣಿಯನ್ನು ಕೈಯಲ್ಲೇ ತೆಗೆದಿರಬಹುದು. ಒಂದೇ ಬಗೆಯ ಐವತ್ತು ಕೆಲಸಗಳಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಟಿಕ್ ಹಾಕುವುದರಲ್ಲಿದೆ. 2023ರ ಜೂನ್‌ನಲ್ಲಿ ಗೃಹಜ್ಯೋತಿ, ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ರಾಜ್ಯದಾದ್ಯಂತ ಜನ ಸರತಿಯಲ್ಲಿ ನಿಂತದ್ದು, ಸೇವಾ ಸಿಂಧು ಸರ್ವರ್ ನಿಧಾನವಾದದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ 'ಸಲ್ಲಿಸು' ಎಂಬ ಬಟನ್ ಒತ್ತಿದ ಮೇಲೆ ಪುಟ ಸುತ್ತುತ್ತಲೇ ಇದೆ ಎಂದುಕೊಳ್ಳಿ. ಅರ್ಜಿ ಹೋಯಿತೇ, ಇಲ್ಲವೇ? ಕುಳಿತಿರುವ ಮನುಷ್ಯನಾದರೆ ಕಾಯುತ್ತಾನೆ, ಎಸ್ಸೆಮ್ಮೆಸ್ ಬಂತೇ ಎಂದು ಫೋನ್ ನೋಡುತ್ತಾನೆ, ಸ್ವೀಕೃತಿ ಸಂಖ್ಯೆ ಹುಡುಕುತ್ತಾನೆ. ಸರಿಯಾಗಿ ಬರೆಯದ ಸ್ಕ್ರಿಪ್ಟ್ ಎರಡರಲ್ಲಿ ಒಂದನ್ನು ಮಾಡುತ್ತದೆ. ಬಟನ್ ಒತ್ತಿದ್ದಾಯಿತೆಂದು ಟಿಕ್ ಹಾಕಿ ಮುಂದೆ ಹೋಗುತ್ತದೆ, ಇಲ್ಲವೇ ಉತ್ತರ ಬರಲಿಲ್ಲವೆಂದು ಮತ್ತೊಮ್ಮೆ ಒತ್ತುತ್ತದೆ. ಎರಡನೆಯದರಿಂದ ಒಂದೇ ಬಿಲ್ಲನ್ನು ಎರಡು ಸಲ ಕಟ್ಟಿದಂತಾಗಬಹುದು. ಮೊದಲನೆಯದು ಇನ್ನೂ ಕೆಟ್ಟದ್ದು. ಪಟ್ಟಿಯಲ್ಲಿ ಕೆಲಸ ಮುಗಿದಿದೆ, ಸರ್ಕಾರದ ದಾಖಲೆಯಲ್ಲಿ ಅರ್ಜಿಯೇ ಇಲ್ಲ. ಟಿಕ್ ಬಿದ್ದ ಕೆಲಸವನ್ನು ಮತ್ತೆ ಯಾರೂ ನೋಡುವುದಿಲ್ಲ. ತಿಂಗಳು ಕಳೆದು ಹಣ ಬರಲಿಲ್ಲವೆಂದು ಆ ಹೆಂಗಸು ಬಸ್ ಹತ್ತಿ ಬಂದಾಗಲೇ ಗೊತ್ತಾಗುವುದು.

'ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು' ಎಂಬ ಗಾದೆ ಆಳುಗಳ ವಿಷಯದಲ್ಲಿ ಅನ್ಯಾಯದ್ದು. ಸ್ಕ್ರಿಪ್ಟಿನ ವಿಷಯದಲ್ಲಿ ಅಷ್ಟು ಅನ್ಯಾಯವೆನಿಸುವುದಿಲ್ಲ. ಹಾಗಾಗಿ ಇಂಥ ಜೋಡಣೆ ಮಾಡುವವರು ಟಿಕ್ ಹಾಕುವ ಅಧಿಕಾರವನ್ನು ಸ್ಕ್ರಿಪ್ಟಿಗೆ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಸ್ವೀಕೃತಿ ಸಂಖ್ಯೆ ಸಿಕ್ಕರೆ ಅದನ್ನು ಆ ಕೆಲಸದ ಕೆಳಗೆ ಟಿಪ್ಪಣಿಯಾಗಿ ಬರೆಯಲಿ, ಸಿಗದಿದ್ದರೆ 'ನೋಡಬೇಕು' ಎಂದು ಗುರುತು ಹಾಕಲಿ. ಮುಗಿಯಿತು ಎನ್ನುವುದು ಮನುಷ್ಯರ ಕೈಯಲ್ಲಿರಲಿ.

'ಓಟಿಪಿ, ಕ್ಯಾಪ್ಚಾ ಎಲ್ಲವನ್ನೂ ದಾಟಿಸಿಬಿಡಬಹುದು' ಎಂಬುದು ಇನ್ನೊಂದು ನಂಬಿಕೆ. ಇವೆರಡೂ ಇರುವುದೇ ಎದುರಿಗೆ ಮನುಷ್ಯರಿದ್ದಾರೆಂದು, ಅವರ ಒಪ್ಪಿಗೆ ಇದೆಯೆಂದು ಖಚಿತಪಡಿಸಿಕೊಳ್ಳಲು. ಅವನ್ನು ದಾಟಿಸುವುದೆಂದರೆ ಒಪ್ಪಿಗೆಯನ್ನೇ ದಾಟಿಸಿದಂತೆ. ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ರೈಲ್ವೆಯ ತತ್ಕಾಲ್ ಟಿಕೆಟ್ ಒಳ್ಳೆಯ ಉದಾಹರಣೆ. ಬುಕಿಂಗ್ ತೆರೆದ ಮೊದಲ ಐದು ನಿಮಿಷಗಳಲ್ಲಿ ನಡೆಯುವ ಲಾಗಿನ್ ಪ್ರಯತ್ನಗಳಲ್ಲಿ ಶೇ 50ರವರೆಗೂ ಬಾಟ್‌ಗಳದ್ದೇ ಎಂದು ರೈಲ್ವೆ ಇಲಾಖೆ 2025ರ ಜೂನ್‌ನಲ್ಲಿ ಹೇಳಿತು. ಸುಮಾರು 2.5 ಕೋಟಿ ಅನುಮಾನಾಸ್ಪದ ಖಾತೆಗಳನ್ನು ನಿಷ್ಕ್ರಿಯಗೊಳಿಸಿತು. ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾಯಿತು, ಜುಲೈ 15ರಿಂದ ಆಧಾರ್ ಓಟಿಪಿಯೂ ಬಂತು. ಏಜೆಂಟರಿಗೆ ಮೊದಲ ಅರ್ಧ ಗಂಟೆ ಬಾಗಿಲು ಮುಚ್ಚಿತು. ಅಧಿಕಾರವಿಲ್ಲದೆ ಟಿಕೆಟ್ ವ್ಯಾಪಾರ ಮಾಡುವುದನ್ನು ತಡೆಯುವ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಆನ್‌ಲೈನ್ ಟಿಕೆಟ್‌ಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಜನವರಿಯಲ್ಲಿ ಹೇಳಿತ್ತು. ಬಾಟ್ ಗೆದ್ದ ಪ್ರತಿ ಸಲವೂ ಮಂಡ್ಯ ಸ್ಟೇಷನ್ನಿನ ಕೌಂಟರ್ ಮುಂದೆ ನಿಂತವರು ಸೋತಿರುತ್ತಾರೆ.

ಪಟ್ಟಿಯೊಳಗೆ ಏನು ಬರೆಯುತ್ತೇವೆ ಎಂಬುದೂ ಯೋಚಿಸಬೇಕಾದ ಮಾತು. ಗ್ರಾಹಕರ ಹೆಸರು, ಆಧಾರ್ ಸಂಖ್ಯೆ, ಪಾಸ್‌ವರ್ಡ್ ಎಲ್ಲವನ್ನೂ ಕೆಲಸದ ಶೀರ್ಷಿಕೆಯಲ್ಲೇ ಬರೆದರೆ ಅದು ಆ್ಯಪಿನ ಸರ್ವರ್‌ಗೆ, ನಡುವಿನ ಸೇವೆಗೆ, ಲಾಗಿನ್ ಆಗಿರುವ ಪ್ರತಿ ಫೋನಿಗೂ ಹೋಗಿ ಕೂರುತ್ತದೆ. ಬೀರುವಿನಲ್ಲಿ ಬೀಗ ಹಾಕಿಡುತ್ತಿದ್ದ ನೋಟ್‌ಬುಕ್ಕಿಗೆ ಈ ಸಮಸ್ಯೆ ಇರಲಿಲ್ಲ. ಬ್ರೌಸರ್ ಎಕ್ಸ್‌ಟೆನ್ಷನ್ ಹಾಕುವಾಗ 'ಎಲ್ಲ ವೆಬ್‌ಸೈಟ್‌ಗಳಲ್ಲಿನ ನಿಮ್ಮ ಮಾಹಿತಿಯನ್ನು ಓದಲು, ಬದಲಿಸಲು' ಅನುಮತಿ ಕೇಳಿದರೆ, ಅದರಲ್ಲಿ ನಿಮ್ಮ ಬ್ಯಾಂಕಿನ ಪುಟವೂ ಸೇರಿದೆ ಎಂದೇ ಅರ್ಥ. ಇದೀಗ ಬಂದಿರುವ ಎಐ ಬ್ರೌಸರ್‌ಗಳು ಬಟನ್ನಿನ ಹೆಸರು ಬದಲಾದರೂ ಹುಡುಕಿಕೊಳ್ಳುತ್ತವೆ, ನಿಜ. ಆದರೆ ಪುಟದಲ್ಲಿ ಯಾರೋ ಅಡಗಿಸಿಟ್ಟ ಸಾಲನ್ನೂ ಯಜಮಾನರ ಅಪ್ಪಣೆ ಎಂದುಕೊಂಡು ಪಾಲಿಸುವ ಅಪಾಯ ಅವುಗಳಲ್ಲಿದೆ. ಪರ್‌ಪ್ಲೆಕ್ಸಿಟಿಯ ಕಾಮೆಟ್ ಬ್ರೌಸರ್‌ನಲ್ಲಿ ಇಂಥದ್ದೊಂದು ದೋಷವನ್ನು ಬ್ರೇವ್ ಕಂಪನಿಯ ಸಂಶೋಧಕರು 2025ರ ಆಗಸ್ಟ್‌ನಲ್ಲಿ ತೋರಿಸಿಕೊಟ್ಟರು.

ಹಾಗಾದರೆ ಉಪಯೋಗವೇ ಇಲ್ಲವೇ? ಇದೆ, ದಿಕ್ಕು ತಿರುಗಿಸಿದರೆ. ಪಟ್ಟಿಯಿಂದ ಬ್ರೌಸರ್‌ಗೆ ಅಪ್ಪಣೆ ಹೋಗುವ ಬದಲು ಬ್ರೌಸರ್‌ನಿಂದ ಪಟ್ಟಿಗೆ ಸುದ್ದಿ ಬರಲಿ. ಮಳವಳ್ಳಿಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಕೆಇಎ, ಕೆಪಿಎಸ್‌ಸಿ ಪ್ರಕಟಣೆಗಳ ಪುಟವನ್ನು ದಿನಕ್ಕೊಮ್ಮೆ ನೋಡುವ ಸ್ಕ್ರಿಪ್ಟ್ ಇಟ್ಟುಕೊಳ್ಳಬಹುದು, ಸೈಟಿನ ನಿಯಮ ಅದಕ್ಕೆ ಅಡ್ಡಿಯಾಗದಿದ್ದರೆ. ಹೊಸ ಪ್ರಕಟಣೆ ಬಂದರೆ ಕೊಂಡಿಯ ಸಮೇತ ಒಂದು ಕೆಲಸ ಪಟ್ಟಿಗೆ ಸೇರುತ್ತದೆ. ತೆರೆದು ಓದುವವಳು, ಕೊನೆಯ ದಿನಾಂಕ ಗುರುತು ಮಾಡುವವಳು, ಅರ್ಜಿ ಹಾಕುವವಳು ಅವಳೇ. ಇಲ್ಲಿ ಪಾಸ್‌ವರ್ಡ್ ಇಲ್ಲ, ಓಟಿಪಿ ಇಲ್ಲ. ಸ್ಕ್ರಿಪ್ಟ್ ಕೈಕೊಟ್ಟರೆ ಸುದ್ದಿ ತಡವಾದೀತು, ಅದಕ್ಕೆ ವಾರಕ್ಕೊಮ್ಮೆ ತಾನೇ ಪುಟ ತೆರೆದು ನೋಡಿದರಾಯಿತು. ಸುಳ್ಳು ಅರ್ಜಿಯಂತೂ ಹೋಗುವುದಿಲ್ಲ.

ಕೆಲವು ಕೆಲಸಗಳಿಗೆ ಬ್ರೌಸರ್ ಬೇಕಾಗಿಯೇ ಇಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆಗೆ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಬೇಕು. ಮದ್ದೂರು ಕಡೆಯ ರೈತರೊಬ್ಬರು ಲೋಡ್ ಕಳಿಸಿದ ದಿನ ತೂಕದ ಚೀಟಿಯ ಫೋಟೊ ತೆಗೆದು, ಟುಡು ಆ್ಯಪಿನಲ್ಲಿ 15ನೇ ದಿನಕ್ಕೆ 'ಕಬ್ಬಿನ ದುಡ್ಡು ಬಂತೇ?' ಎಂದು ಬರೆದಿಟ್ಟುಕೊಂಡರೆ ಸಾಕು. ಆ ದಿನ ಪಾಸ್‌ಬುಕ್ ನೋಡಿ, ಹಣ ಬಂದಿರದಿದ್ದರೆ ಚೀಟಿ ಹಿಡಿದುಕೊಂಡು ಕಾರ್ಖಾನೆಯ ಕಚೇರಿಗೆ ಹೋಗಬಹುದು.