ಗುಂಡಿನ ಲೆಕ್ಕವೊಂದೇ ಸಾಲದು

ಮೊದಲನೆಯ ಮಹಾಯುದ್ಧದ ಕಂದಕಗಳ ಮಾತು ಬಂದಾಗ ಮಷೀನ್ ಗನ್ನು, ವಿಷವಾಯು, ಟ್ಯಾಂಕು ಇವುಗಳ ಹೆಸರೇ ಮೊದಲು ನಾಲಗೆಗೆ ಬರುತ್ತದೆ. ಆದರೆ ಪಶ್ಚಿಮ ರಣರಂಗದಲ್ಲಿ ಸತ್ತವರಲ್ಲಿಯೂ ಗಾಯಗೊಂಡವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಫಿರಂಗಿಗೆ ತುತ್ತಾದವರು. ಅಂಥ ಆಯುಧವನ್ನು ಯುದ್ಧದ ಬಹುಭಾಗ ನಡೆಸಿದ ರೀತಿಯನ್ನು ಪರಿಶೀಲಿಸಿದರೆ, ಅಳತೆಯಿಂದ ಆಗಬೇಕಾದ ಕೆಲಸವನ್ನು ರಾಶಿಯಿಂದ ಸಾಧಿಸಲು ಹೊರಟಿದ್ದರೆಂಬುದು ಕಂಡುಬರುತ್ತದೆ. ಈ ತಪ್ಪಿಗಾಗಿ ಸೇನಾನಿಗಳನ್ನು ಮಾತ್ರ ದೂರುವುದು ವಾಡಿಕೆ. ಪತ್ರಿಕೆಗಳೂ ಮಂತ್ರಿಗಳೂ ಅದರಲ್ಲಿ ಪಾಲುದಾರರೆಂದೇ ನನ್ನ ಅಭಿಪ್ರಾಯ.

ನಮ್ಮವರು ಕಾದಿದ ಒಂದು ಕದನವನ್ನೇ ನೋಡೋಣ. 1915ರ ಮಾರ್ಚ್ 10ರಂದು ಫ್ರಾನ್ಸಿನ ನ್ಯೂವ್ ಷಾಪೆಲ್ ಎಂಬ ಹಳ್ಳಿಯ ಮೇಲೆ ಬ್ರಿಟಿಷ್ ಪಡೆಗಳೂ ಭಾರತೀಯ ಪಡೆಗಳೂ ಒಟ್ಟಾಗಿ ದಾಳಿ ನಡೆಸಿದವು. ಅದಕ್ಕೆ ಮುನ್ನ ಫಿರಂಗಿಗಳು ಗರ್ಜಿಸಿದ್ದು ಕೇವಲ 35 ನಿಮಿಷ. ಗುಂಡುಗಳು ನೆಟ್ಟಗೆ ಬಿದ್ದ ಕಡೆ ಮುಳ್ಳುತಂತಿ ಹರಿದು, ಕಂದಕ ಕುಸಿದು, ಹಳ್ಳಿಯು ಆ ಬೆಳಗಿನಲ್ಲಿಯೇ ವಶವಾಯಿತು. ಎಡಪಾರ್ಶ್ವದ ಕೆಲವು ನೂರು ಗಜಗಳಲ್ಲಿ ಮಾತ್ರ ಹಾಗಾಗಲಿಲ್ಲ. ಅಲ್ಲಿಗೆ ಗೊತ್ತುಮಾಡಿದ್ದ ಹೌವಿಟ್ಸರುಗಳು ಹಿಂದಿನ ದಿನವಷ್ಟೇ ಬಂದಿಳಿದಿದ್ದವು. ಗುರಿಯನ್ನು ಪರೀಕ್ಷಿಸಿಕೊಳ್ಳಲು ಅವುಗಳಿಗೆ ವೇಳೆಯಿರಲಿಲ್ಲ. ಅಲ್ಲಿ ನುಗ್ಗಿದ ಬ್ರಿಟಿಷ್ ದಳಗಳು ಅಖಂಡವಾಗಿ ನಿಂತಿದ್ದ ತಂತಿಯ ಮುಂದೆ ನಾಶವಾದವು. ಬಲಪಾರ್ಶ್ವದಲ್ಲಿ ಗಢವಾಲಿ ದಳವೊಂದು ದಿಕ್ಕು ತಪ್ಪಿ, ಒಂದು ಗುಂಡೂ ಬೀಳದಿದ್ದ ಕಂದಕದ ಎದುರಿಗೆ ಹೋಗಿ ಅದೇ ಗತಿಯನ್ನು ಕಂಡಿತು. ಆ ಹಳ್ಳಿಯ ಬಳಿ ಇಂದು ನಿಂತಿರುವ ಸ್ಮಾರಕದಲ್ಲಿ, ಫ್ರಾನ್ಸ್ ಬೆಲ್ಜಿಯಂಗಳಲ್ಲಿ ಮಡಿದು ಗೋರಿಯ ಗುರುತೂ ಉಳಿಯದ 4,700ಕ್ಕೂ ಮಿಕ್ಕ ಭಾರತೀಯರ ಹೆಸರುಗಳಿವೆ.

ಈ ಒಂದು ಬೆಳಗಿನಲ್ಲಿ ಕಲಿಯಬೇಕಾದ ಪಾಠವೆಲ್ಲ ಇದ್ದಿತು. ಕಲಿತದ್ದು ಬೇರೆ. ಎರಡು ತಿಂಗಳಲ್ಲಿ ಮತ್ತೊಂದು ದಾಳಿ ವಿಫಲವಾದೊಡನೆ ಲಂಡನ್ನಿನ ಪತ್ರಿಕೆಗಳಲ್ಲಿ "ಗುಂಡುಗಳ ಅಭಾವ" ಎಂಬ ಕೂಗೆದ್ದಿತು. ಲಾಯ್ಡ್ ಜಾರ್ಜನ ಕೈಯಲ್ಲಿ ಮದ್ದುಗುಂಡುಗಳ ಹೊಸ ಮಂತ್ರಾಲಯವೇ ಹುಟ್ಟಿತು. ಅಭಾವವಿದ್ದುದು ಸುಳ್ಳಲ್ಲ. ಆದರೆ "ಎಷ್ಟು?" ಎಂದು ಕೇಳಿದವರು ಅನೇಕರು, "ಎಲ್ಲಿಗೆ?" ಎಂದು ಕೇಳಿದವರು ವಿರಳ.

ಮರುವರ್ಷ ಸೋಮ್ ನದಿಯ ಬಳಿ ಈ ನಂಬಿಕೆಯ ಪರೀಕ್ಷೆಯಾಯಿತು. 1916ರ ಜೂನ್ 24ರಿಂದ ಏಳು ದಿನಗಳಲ್ಲಿ ಸುಮಾರು 15 ಲಕ್ಷ ಗುಂಡುಗಳನ್ನು ಸುರಿದರು. ಸಂಖ್ಯೆಯನ್ನು ಕೇಳಿದರೆ ಎದೆ ನಡುಗುತ್ತದೆ. ಆದರೆ ಮುಖರಂಗ ಉದ್ದವಾದದ್ದು. ಅದರ ಹಿಂದೆ ಸಾಲುಸಾಲು ಕಂದಕಗಳು. ಗಜವೊಂದಕ್ಕೆ ಎಷ್ಟೆಂದು ಭಾಗಿಸಿ ನೋಡಿದರೆ ಅದು ನ್ಯೂವ್ ಷಾಪೆಲ್ಲಿನ ಅರ್ಧ ಗಂಟೆಯ ಮಳೆಗಿಂತ ತೆಳುವಾದದ್ದೇ. ಗುಂಡುಗಳಲ್ಲಿ ಬಹುಪಾಲು ಷ್ರಾಪ್ನೆಲ್ ಜಾತಿಯವು. ಗಾಳಿಯಲ್ಲಿ ಸಿಡಿದು ಸೀಸದ ಗೋಲಿಗಳನ್ನೆರಚುವಂಥವು. ಬಯಲಲ್ಲಿ ನಿಂತವನಿಗೆ ಅವು ಯಮದೂತರು. ಸುಣ್ಣಕಲ್ಲಿನ ನೆಲದಲ್ಲಿ 20–30 ಅಡಿ ಆಳದ ಗುಹೆಯಲ್ಲಿ ಕುಳಿತವನಿಗೆ ಬರಿಯ ಸದ್ದು. ಜುಲೈ 1ರ ಬೆಳಗ್ಗೆ ಫಿರಂಗಿಗಳು ಮುಂದಿನ ಗುರಿಗೆ ಸರಿದೊಡನೆ ಜರ್ಮನರು ಮೇಲೆ ಬಂದರು. ಅವರ ಹಿಂದೆ ದಿಣ್ಣೆಗಳ ಮರೆಯಲ್ಲಿದ್ದ ಫಿರಂಗಿಗಳಲ್ಲಿ ಎಷ್ಟೋ ಹಾಗೆಯೇ ಉಳಿದಿದ್ದವು. ಆ ಒಂದು ದಿನದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು 19,240; ಗಾಯಗೊಂಡವರೂ ಕಾಣೆಯಾದವರೂ ಸೇರಿ ಒಟ್ಟು ನಷ್ಟ 57,470.

ಕಣ್ಣಿಗೆ ಬೀಳದ ಫಿರಂಗಿಯನ್ನು ಹುಡುಕುವುದು ಹೇಗೆ? ಶಬ್ದದಿಂದ. ನಮ್ಮ ಪುರಾಣಗಳಲ್ಲಿ ದಶರಥನು ಶಬ್ದವೇಧಿಯೆಂದು ಹೆಸರಾದವನು. ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಮುನಿಕುಮಾರನನ್ನು ಕೊಂದದ್ದೂ ಅವನೇ. ಸದ್ದಿನ ಸ್ಥಳವನ್ನಷ್ಟೇ ಅರಿತರೆ ಸಾಲದು, ಅದು ಯಾವುದರ ಸದ್ದೆಂಬುದನ್ನೂ ತಿಳಿಯಬೇಕು. 1915ರಲ್ಲಿ ಈ ಕೆಲಸವು 25 ವರ್ಷದ ಭೌತವಿಜ್ಞಾನಿ ಲಾರೆನ್ಸ್ ಬ್ರಾಗನ ಪಾಲಿಗೆ ಬಂದಿತು. ತಂದೆಯೊಡನೆ ಅವನಿಗೆ ನೊಬೆಲ್ ಬಹುಮಾನ ದೊರೆತ ವರ್ಷವೂ ಅದೇ. ಫಿರಂಗಿದಳದಲ್ಲಿದ್ದ ಅವನ ತಮ್ಮ ಗೆಲಿಪೊಲಿಯಲ್ಲಿ ಮಡಿದ ವರ್ಷವೂ ಅದೇ.

ಪ್ಯಾರಿಸಿನ ಲೂಸಿಯನ್ ಬುಲ್ ರಚಿಸಿದ್ದ ಯಂತ್ರವು ಶಬ್ದವು ಬಂದು ತಾಕಿದ ಕ್ಷಣವನ್ನು ಸಿನಿಮಾ ಫಿಲ್ಮಿನ ಮೇಲೆ ದಾಖಲಿಸುತ್ತಿದ್ದಿತು. ತೊಡಕಿದ್ದುದು ಮೈಕ್ರೊಫೋನಿನಲ್ಲಿ. ಶಬ್ದಕ್ಕಿಂತ ವೇಗವಾಗಿ ಹಾರುವ ಗುಂಡು ತಾನೇ ಒಂದು ಚಟಾರೆಂಬ ಸದ್ದನ್ನೆಬ್ಬಿಸುತ್ತದೆ. ಮೈಕ್ರೊಫೋನು ಅದಕ್ಕೆ ಬೆಚ್ಚಿಬಿದ್ದು, ಅನಂತರ ಬರುವ ಫಿರಂಗಿಯ ಮಂದ್ರಧ್ವನಿಗೆ ಕಿವುಡಾಗುತ್ತಿದ್ದಿತು. ಬ್ರಾಗನ ತಂಡದ ಟಕ್ಕರ್ ಎಂಬಾತ ಮಲಗುತ್ತಿದ್ದ ಗುಡಿಸಲಿನ ಗೋಡೆಯಲ್ಲಿ ತೂತೊಂದಿದ್ದಿತು. ದೂರದಲ್ಲಿ ಫಿರಂಗಿ ಹಾರಿದಾಗಲೆಲ್ಲ ಅದರಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುವುದನ್ನು ಅವನು ಗಮನಿಸಿದ. ಪೆಟ್ಟಿಗೆಯೊಂದರ ತೂತಿಗೆ ಅಡ್ಡಲಾಗಿ ಕಾಯಿಸಿದ ಸಣ್ಣ ಪ್ಲಾಟಿನಂ ತಂತಿಯನ್ನು ಬಿಗಿದರೆ, ಆ ಗಾಳಿಗೆ ತಂತಿ ತಣಿದು ಅದರ ವಿದ್ಯುತ್ ನಿರೋಧ ಬದಲಾಗುತ್ತದೆ. ಗುಂಡಿನ ಚಟಾರಕ್ಕೆ ಅದು ಜಗ್ಗದು. 1916ರಲ್ಲಿ ಇದು ಬಳಕೆಗೆ ಬಂದಿತು.

ಇಂಥ ಆರು ಪೆಟ್ಟಿಗೆಗಳನ್ನು ರಣರಂಗದ ಉದ್ದಕ್ಕೂ ಅಳೆದು ಇಡುತ್ತಿದ್ದರು. ಶಬ್ದವು ಒಂದು ಸೆಕೆಂಡಿಗೆ ಸುಮಾರು 1,100 ಅಡಿ ಚಲಿಸುವುದರಿಂದ, ಒಂದು ಸೆಕೆಂಡಿನ ನೂರನೆಯ ಒಂದು ಭಾಗವೆಂದರೆ 11 ಅಡಿ. ಎರಡು ಪೆಟ್ಟಿಗೆಗಳ ನಡುವಣ ಕಾಲಾಂತರವು ನಕ್ಷೆಯ ಮೇಲೆ ಒಂದು ವಕ್ರರೇಖೆಯನ್ನು ಕೊಡುತ್ತದೆ. ಇನ್ನೊಂದು ಜೋಡಿ ಇನ್ನೊಂದನ್ನು. ಅವು ಕೂಡುವಲ್ಲಿ ಫಿರಂಗಿ. ಗಾಳಿ, ಉಷ್ಣತೆಗಳಿಗೆ ತಕ್ಕ ತಿದ್ದುಪಡಿಯನ್ನು ಮಾತ್ರ ಮರೆಯಬಾರದು. ಫಿಲ್ಮಿನ ಗೆರೆಯನ್ನು ನೋಡಿ ಅದು ಯಾವ ಜಾತಿಯ ಫಿರಂಗಿಯೆಂದೂ ಹೇಳಬಹುದಾಗಿದ್ದಿತು. ದಶರಥನಿಗೆ ಈ ಸೌಕರ್ಯವಿರಲಿಲ್ಲ.

ಇದರೊಡನೆ ನಿಖರವಾದ ನಕ್ಷೆ, ಹವೆಯ ವರದಿ, ಒಂದೊಂದು ಫಿರಂಗಿಯಿಂದ ಗುಂಡು ಹೊರಡುವ ವೇಗದ ಅಳತೆ ಇವೂ ಕೂಡಿದ ಮೇಲೆ, ಮೊದಲೇ ಹಾರಿಸಿ ನೋಡಿ ಗುರಿ ತಿದ್ದಿಕೊಳ್ಳುವ ಅಗತ್ಯ ತಪ್ಪಿತು. 1917ರ ನವೆಂಬರ್ 20ರಂದು ಕಾಂಬ್ರೇಯಲ್ಲಿ ಸುಮಾರು 1,000 ಫಿರಂಗಿಗಳು ಮುನ್ಸೂಚನೆಯಿಲ್ಲದೆ ಒಮ್ಮೆಗೇ ಬಾಯ್ದೆರೆದವು. ಕೀರ್ತಿಯೆಲ್ಲ ಟ್ಯಾಂಕುಗಳಿಗೆ ಹೋಯಿತು. ಗಣಿತಕ್ಕೆ ಮೆರವಣಿಗೆ ಮಾಡುವವರಾರು? 1918ರ ಆಗಸ್ಟ್ 8ರ ಅಮಿಯಾಂ ಕದನಕ್ಕೆ ಮುನ್ನ, ಎದುರಿದ್ದ 530 ಜರ್ಮನ್ ಫಿರಂಗಿಗಳಲ್ಲಿ 504ರ ಸ್ಥಾನವು ನಕ್ಷೆಯ ಮೇಲೆ ಗುರುತಾಗಿದ್ದಿತು. ಅಂದು ಮಂಜಿನಲ್ಲಿ ಮುನ್ನಡೆದ ಸೈನಿಕನಿಗೆ, ಸೋಮ್ ಬಯಲಿನಲ್ಲಿ ಬಿದ್ದವನಿಗಿಲ್ಲದ ರಕ್ಷೆ ದೊರೆಯಿತು. ಆ 504 ಫಿರಂಗಿಗಳ ಬಳಿ ನಿಂತವರೂ ಮನುಷ್ಯರೇ. ಈ ವಿದ್ಯೆಯನ್ನು ಹೊಗಳುವಾಗ ಅವರನ್ನು ಲೆಕ್ಕದಿಂದ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ರಾಶಿಯನ್ನು ನಂಬಿದ ಕಾಲದ ಲೆಕ್ಕವಂತೂ ಇನ್ನೂ ತೀರಿಲ್ಲ. ಅವಸರದಲ್ಲಿ ತಯಾರಿಸಿದ ಗುಂಡುಗಳಲ್ಲಿ ಬಹಳಷ್ಟು ಸಿಡಿಯದೆ ಹೂತುಹೋದವು. ಬೆಲ್ಜಿಯಂ, ಫ್ರಾನ್ಸ್ ದೇಶಗಳ ರೈತರ ನೇಗಿಲಿಗೆ ಅವು ಇಂದಿಗೂ ಸಿಕ್ಕುತ್ತವೆ. ರೈತನು ಅದನ್ನು ಎತ್ತಿ ಹೊಲದ ಅಂಚಿನಲ್ಲಿಟ್ಟು, ಸೈನ್ಯದ ಗಾಡಿ ಬಂದು ಒಯ್ಯುವವರೆಗೆ ಉಳಿದ ಸಾಲುಗಳನ್ನು ಉಳುತ್ತಾನೆ.