ಮಲಗಿದ್ದವರು ಯಾರು?

‘ನಿದ್ರಿಸುತ್ತಿದ್ದ ಜಪಾನನ್ನು 1853ರಲ್ಲಿ ಅಮೆರಿಕದ ಕಮೊಡೋರ್ ಪೆರಿ ಬಡಿದೆಬ್ಬಿಸಿದ.’ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಈ ಸಾಲು ಓದಿದಾಗಲೆಲ್ಲ ನನಗೆ ಮೈಯುರಿಯುತ್ತದೆ. ಮನೆಯೊಡತಿ ನಾಲ್ಕು ಗಂಟೆಗೇ ಎದ್ದು ಒಲೆ ಹಚ್ಚಿ ಕೂತಿರುವಾಗ, ಆರು ಗಂಟೆಗೆ ಬಾಗಿಲು ಬಡಿದವನು ‘ನಾನೇ ಎಬ್ಬಿಸಿದ್ದು’ ಎಂದರೆ ಹೇಗಿರುತ್ತದೆ ಹೇಳಿ!

ಪೆರಿಗಿಂತ 45 ವರ್ಷ ಮೊದಲು, 1808ರಲ್ಲಿ, ಫೇಟನ್ ಎಂಬ ಬ್ರಿಟಿಷ್ ಯುದ್ಧನೌಕೆ ಡಚ್ಚರ ಬಾವುಟ ಹಾರಿಸಿಕೊಂಡು ನಾಗಸಾಕಿ ಬಂದರಿಗೆ ನುಗ್ಗಿತು. ಕಾವಲಿಗೆ ಇರಬೇಕಾದಷ್ಟು ಸೈನಿಕರಿರಲಿಲ್ಲ. ಕೇಳಿದ ನೀರು, ಆಹಾರ ಕೊಟ್ಟು ಸಾಗಹಾಕಬೇಕಾಯಿತು. ಅಧಿಕಾರಿ ಮತ್ಸುದೈರಾ ಯಾಸುಹಿದೆ ಅವಮಾನ ತಾಳದೆ ಪ್ರಾಣ ಕಳೆದುಕೊಂಡ. ಆ ವರ್ಷ ಕಾವಲಿನ ಸರದಿ ಸಾಗಾ ಸಂಸ್ಥಾನದ್ದು. ಸಾಗಾ ಅದನ್ನು ಮರೆಯಲಿಲ್ಲ.

ಯೂರೋಪಿನವರಲ್ಲಿ ಡಚ್ಚರಿಗೆ ಮಾತ್ರ ಅಲ್ಲಿ ವ್ಯಾಪಾರಕ್ಕೆ ಅವಕಾಶವಿತ್ತು. ಹಾಗಾಗಿ ಕಲಿಯುವವರು ಮೊದಲು ಡಚ್ ಭಾಷೆ ಕಲಿಯಬೇಕು. ನಾಗಸಾಕಿಯ ತಕಾಶಿಮಾ ಶೂಹಾನ್ ಡಚ್ಚರಿಂದ ಫಿರಂಗಿ ವಿದ್ಯೆ ಕಲಿತು, 1841ರಲ್ಲಿ ರಾಜಧಾನಿಯ ಬಳಿಯೇ ಪ್ರದರ್ಶನ ಕೊಟ್ಟ. ಮರುವರ್ಷವೇ ಅವನಿಗೆ ಸೆರೆವಾಸ. ಎದ್ದವನನ್ನು ಕಟ್ಟಿಹಾಕಿದ ಮಾತು ಬೇರೆ, ಮಲಗಿದ್ದ ಎನ್ನಬೇಡಿ.

ಸಾಗಾದ ಕಥೆಯಂತೂ ನನಗೆ ಬಲು ಇಷ್ಟ. ದೊರೆ ನಬೆಶಿಮಾ ನವೊಮಾಸಾನ ವಿದ್ವಾಂಸರ ಕೈಯಲ್ಲಿದ್ದದ್ದು ಹ್ಯೂಗನಿನ್ ಎಂಬ ಡಚ್ ಸೇನಾಧಿಕಾರಿ ಬರೆದ ಪುಸ್ತಕ. ಲೀಜ್ ನಗರದಲ್ಲಿ ಕಬ್ಬಿಣದ ಫಿರಂಗಿ ಎರಕ ಹೊಯ್ಯುವ ಕ್ರಮ ಅದರಲ್ಲಿತ್ತು. ಬೆಂಕಿ ಒಂದು ಕಡೆ, ಕಬ್ಬಿಣ ಇನ್ನೊಂದು ಕಡೆ. ಜ್ವಾಲೆಯ ಕಾವು ಕಮಾನಿನ ಛಾವಣಿಗೆ ಬಡಿದು ಕೆಳಗಿಳಿದು ಲೋಹವನ್ನು ಕರಗಿಸಬೇಕು. ಕಲಿಸಲು ಒಬ್ಬ ಡಚ್ಚನೂ ಪಕ್ಕದಲ್ಲಿರಲಿಲ್ಲ. 1850ರಲ್ಲಿ ಕುಲುಮೆ ಹೊತ್ತಿಸಿದರು. ಕಬ್ಬಿಣ ಸರಿಯಾಗಿ ಕರಗಲಿಲ್ಲ. ಮತ್ತೆ ಹೊತ್ತಿಸಿದರು. ಫಿರಂಗಿಗಳು ಪರೀಕ್ಷೆಯಲ್ಲಿ ಒಡೆದವು. ಮತ್ತೆ ಹೊಯ್ದರು. ಪುಸ್ತಕ ನೋಡಿ ಮೊದಲ ಸಲ ಮೈಸೂರುಪಾಕು ಮಾಡಿದವರಿಗೆ ಇದು ಅರ್ಥವಾದೀತು. ‘ಪಾಕ ಹದಕ್ಕೆ ಬಂದಾಗ ಇಳಿಸಿ’ ಎಂದು ಬರೆದಿರುತ್ತದೆ, ಹದ ಯಾವುದೆಂದು ಬರೆದಿರುವುದಿಲ್ಲ. ‘ಜಪಾನಿಯರು ಬರೀ ನಕಲು ಮಾಡುವವರು’ ಎಂದು ಕಾಫಿ ಕುಡಿಯುತ್ತಾ ಹೇಳುವ ಮಹನೀಯರು ಈ ಕುಲುಮೆಯ ಮುಂದೆ ಒಂದು ದಿನ ನಿಲ್ಲಬೇಕಿತ್ತು.

ಪೆರಿ ಬಂದು ಹೋದ ಕೂಡಲೇ ಸರ್ಕಾರ ಫಿರಂಗಿಗಳಿಗಾಗಿ ಯಾರ ಬಾಗಿಲಿಗೆ ಹೋಯಿತು? ಸಾಗಾದ ಬಾಗಿಲಿಗೆ. ತಕಾಶಿಮಾನಿಗೂ ಆಗಲೇ ಬಿಡುಗಡೆ. ಅವನ ಶಿಷ್ಯ ಎಗವಾ ಹಿದೆತತ್ಸು ಡಚ್ ಪುಸ್ತಕಗಳ ಆಧಾರದಿಂದ, ಈಗಿನ ಟೋಕಿಯೊದ ಶಿನಗಾವಾ ಬಳಿ ಸಮುದ್ರದಲ್ಲೇ ಮಣ್ಣು ತುಂಬಿಸಿ ಫಿರಂಗಿ ಕೋಟೆಗಳ ಸಾಲು ಎಬ್ಬಿಸಿದ. ಒಂದರ ಮುಂದಿನ ನೀರನ್ನು ಇನ್ನೊಂದರ ಗುಂಡು ಕಾಯುವ ಹಾಗೆ. ಅವು ಯುದ್ಧದಲ್ಲಿ ಒಂದು ಗುಂಡನ್ನೂ ಹಾರಿಸಲಿಲ್ಲ. ಉಳಿದ ಎರಡರಲ್ಲಿ ಒಂದು ಈಗ ಉದ್ಯಾನ.

1863ರಲ್ಲಿ ಚೋಶೂ ಸಂಸ್ಥಾನ ವಿದೇಶಿ ಹಡಗುಗಳ ಮೇಲೆ ಗುಂಡು ಹಾರಿಸಿ ಪೆಟ್ಟು ತಿಂದಾಗ, ಹಗಿ ಪಟ್ಟಣದ ಕಡಲ ದಂಡೆಯಲ್ಲಿ ಮಣ್ಣಿನ ದಿಬ್ಬದ ಕೋಟೆ ಎದ್ದಿತು. ಅದಕ್ಕೆ ಮಣ್ಣು ಹೊತ್ತವರಲ್ಲಿ ಸಮುರಾಯ್ ಮನೆತನದ ಹೆಂಗಸರೂ ಇದ್ದರು. ಇಂದಿಗೂ ಅದರ ಹೆಸರು ‘ಒನ್ನಾ ದೈಬಾ’, ಹೆಂಗಸರ ಫಿರಂಗಿಕೋಟೆ. ಪೆರಿಯ ಹೆಸರು ಉರುಹೊಡೆಸುವ ನಾವು ಇದನ್ನು ಒಂದು ಸಾಲಿನಲ್ಲಾದರೂ ಹೇಳುತ್ತೇವೆಯೇ?

ಹಳೆಯ ಕಥೆಗೆ ಇಷ್ಟೇಕೆ ಜಗಳ ಎನ್ನಬಹುದು. ‘ಇಂಗ್ಲಿಷರು ಬಂದದ್ದರಿಂದಲೇ ನಮಗೆ ಕಣ್ಣು ತೆರೆಯಿತು’ ಎನ್ನುವವರು ನಮ್ಮ ಮನೆಗಳಲ್ಲೂ ಇದ್ದಾರಲ್ಲ, ಅದಕ್ಕೆ. ಫಿರಂಗಿ ಹಿಡಿದು ಬಂದವನನ್ನೇ ಗುರು ಎನ್ನುವುದಾದರೆ ಮುಂದಿನದನ್ನೂ ಕೇಳಿ. 1875ರಲ್ಲಿ ಜಪಾನಿನ ಉನ್ಯೋ ಎಂಬ ಯುದ್ಧನೌಕೆ ಕೊರಿಯದ ಗಾಂಗ್‌ಹ್ವಾ ದ್ವೀಪದ ಬಳಿ ಹೋಗಿ ಅಲ್ಲಿಯ ಕರಾವಳಿ ಕೋಟೆಗಳ ಮೇಲೆ ಗುಂಡು ಸುರಿಸಿತು. ಮರುವರ್ಷ ಬಲವಂತದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಆಗ ಕೊರಿಯ ನಿದ್ರಿಸುತ್ತಿತ್ತು, ಜಪಾನು ಎಬ್ಬಿಸಿತು ಎಂದು ಯಾರಾದರೂ ಒಬ್ಬ ಕೊರಿಯದ ತಾಯಿಯ ಮುಂದೆ ಹೇಳಿ ನೋಡಲಿ.