ಬರೆದವನಿಗೆ ಅವಸರ, ಓದುವವನಿಗೆ ಅಲೆದಾಟ

ಮಾನ್ವಿ ಕಡೆಯ ಹಳೇ ಮನೆಗಳ ಟ್ರಂಕಿನಲ್ಲಿ ಇವತ್ತಿಗೂ ನಿಜಾಮರ ಕಾಲದ ಹೊಲದ ಕಾಗದ ಸಿಗುತ್ತವೆ. 1948ರವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿತ್ತು, ದಫ್ತರದ ಭಾಷೆ ಉರ್ದು. ಬೇಗ ಬರೆಯಲೆಂದು ಅಕ್ಷರ ಮುರಿದು ಕೂಡಿಸುವ ಬಗೆಯೊಂದಿತ್ತು. ಅದರ ಹೆಸರು ಶಿಕಸ್ತಾ, ಅರ್ಥವೇ ‘ಮುರಿದದ್ದು’. ಹಾಗೆ ಬರೆದವನಿಗೆ ಉಳಿದದ್ದು ಕೆಲವೇ ನಿಮಿಷ. ಈಗ ಅಂಥ ಕಾಗದ ಓದಿಸಲು ಮೊಮ್ಮಕ್ಕಳು ಆ ಕೈಬರಹ ಬಲ್ಲವರನ್ನು ಹುಡುಕಿಕೊಂಡು ಅಲೆಯಬೇಕು.

ಕಂಪ್ಯೂಟರ್ ಕೋಡ್‌ನಲ್ಲೂ ಇದೇ ಆಗುತ್ತದೆ. ಪೋತ್ನಾಳದಲ್ಲಿ ಕುಳಿತು ನೀವು ಮೊಬೈಲ್‌ನಲ್ಲಿ ಪಹಣಿ ನೋಡುವಾಗ ಕೆಲಸ ಮಾಡುವುದು ದೂರದ ಸರ್ವರ್‌ನಲ್ಲಿರುವ ಪ್ರೋಗ್ರಾಂ. ಇಂಥವನ್ನು ಬರೆಯುವ ಕೆಲವರಿಗೆ ಯಂತ್ರದ ಸಮಯವನ್ನು ಚೂರು ಚೂರು ಉಳಿಸುವ ಚಟ. ಪಿಎಚ್‌ಪಿ ಭಾಷೆಯಲ್ಲಿ ಒಂಟಿ ಉದ್ಧರಣ ಚಿಹ್ನೆ ವೇಗವೋ, ಜೋಡಿ ಚಿಹ್ನೆ ವೇಗವೋ ಎಂದು ವರ್ಷಗಟ್ಟಲೆ ವಾದ ನಡೆದಿದೆ. ಅದರಿಂದ ಉಳಿಯುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗವೂ ಅಲ್ಲ. ನಿಮ್ಮ ಮೊಬೈಲಿನಿಂದ ಸರ್ವರ್‌ಗೆ ಹೋಗಿಬರಲು ಅದರ ಸಾವಿರಾರು ಪಟ್ಟು ಸಮಯ ಬೇಕು.

ಪುಟ ತಡವಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ. 300 ಸರ್ವೆ ನಂಬರ್‌ಗಳ ಮಾಹಿತಿಯನ್ನು ಡೇಟಾಬೇಸ್‌ಗೆ ಒಂದೇ ಸಲ ಕೇಳುವ ಬದಲು 300 ಸಲ ಕೇಳುವುದು ಅಂಥದ್ದು. ಎಡದಂಡೆ ಕಾಲುವೆಯ ಕೊನೆ ಭಾಗದ ರೈತ ನೀರು ಬರದಿದ್ದರೆ ತನ್ನ ಹೊಲದ ಬದುವಿನ ಹುಲ್ಲು ಕಿತ್ತು ಸುಮ್ಮನಿರುವುದಿಲ್ಲ. ಮೇಲೆ ನೀರು ಎಲ್ಲಿ ನಿಂತಿದೆ ಎಂದು ನೋಡಿಕೊಂಡು ಬರುತ್ತಾನೆ. ಕೋಡ್‌ನಲ್ಲೂ ಮೊದಲು ಅಳೆಯಬೇಕು, ಆಮೇಲೆ ತಿದ್ದಬೇಕು.

ಓದಲು ಬರುವ ಕೋಡ್ ಯಾಕೆ ಬೇಕು? ಸರ್ಕಾರದ ಲೆಕ್ಕ ಬದಲಾಗುತ್ತಲೇ ಇರುತ್ತದೆ. 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲ್ಲೂಕುಗಳ ಘೋಷಣೆಯಾಯಿತು, ಮಾನ್ವಿಯಿಂದ ಸಿರವಾರ ಬೇರೆಯಾಯಿತು. ಕೋಡ್‌ನಲ್ಲಿ ‘ತಾಲ್ಲೂಕು ಮಾನ್ವಿ ಆಗಿದ್ದರೆ’ ಎಂದು ಬಿಡಿಸಿ ಬರೆದಿದ್ದರೆ ತಿದ್ದುವವನಿಗೆ ಎಲ್ಲಿ ಕೈಹಾಕಬೇಕೆಂದು ತಿಳಿಯುತ್ತದೆ. ‘ಎಕ್ಸ್ 4 ಆಗಿದ್ದರೆ’ ಎಂದಷ್ಟೇ ಇದ್ದರೆ? ಬರೆದವನು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿರುತ್ತಾನೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ ಊರಿನ ಹೆಸರು ತಪ್ಪು ತಾಲ್ಲೂಕಿನಲ್ಲಿ ಉಳಿಯುತ್ತದೆ, ಅರ್ಜಿ ವಾಪಸ್ ಬರುತ್ತದೆ. ಅದರಿಂದ ಒಂದು ದಿನದ ಕೂಲಿ ಕಳೆದುಕೊಳ್ಳುವವರು ಕೋಡ್ ಬರೆದವರಲ್ಲ, ನಮ್ಮ ಅಪ್ಪ ಅವ್ವ.

ವೇಗ ಬೇಡ ಎಂದು ನಾವು ಹೇಳುತ್ತಿಲ್ಲ. ಯೋಜನೆಗೆ ಅರ್ಜಿ ಶುರುವಾದ ದಿನ ಲಕ್ಷಗಟ್ಟಲೆ ಜನ ಒಟ್ಟಿಗೆ ಬಟನ್ ಒತ್ತುತ್ತಾರೆ, ಆಗ ಸರ್ವರ್ ತಾಳಬೇಕು. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1974ರಲ್ಲೇ ಇದಕ್ಕೆ ಲೆಕ್ಕ ಕೊಟ್ಟಿದ್ದರು: ನೂರಕ್ಕೆ 97 ಸಲ ಸಣ್ಣಪುಟ್ಟ ಉಳಿತಾಯದ ಗೊಡವೆ ಬೇಡ, ಮುಖ್ಯವಾದ ಆ ಮೂರನ್ನು ಮಾತ್ರ ಕೈಬಿಡಬಾರದು. ಆ ಮೂರು ಕಡೆ ವೇಗಕ್ಕಾಗಿ ಕೋಡ್ ತಿರುಚಿದರೆ, ಯಾಕೆ ಹಾಗೆ ಮಾಡಿದಿರಿ ಎಂದು ಪಕ್ಕದಲ್ಲೇ ಒಂದು ಸಾಲು ಬರೆದಿಡಿ.

2015ರ ಡಿಸೆಂಬರ್‌ನಲ್ಲಿ ಪಿಎಚ್‌ಪಿ 7 ಬಂದಾಗ ಅನೇಕ ಜಾಲತಾಣಗಳು ತಮ್ಮ ಕೋಡ್ ಹೆಚ್ಚು ಬದಲಿಸದೆಯೇ ಸುಮಾರು ಎರಡು ಪಟ್ಟು ವೇಗವಾದವು. ಯಂತ್ರ ಹೀಗೆ ವರ್ಷದಿಂದ ವರ್ಷಕ್ಕೆ ಚುರುಕಾಗುತ್ತದೆ. ಅರ್ಥವಾಗದ ಕೋಡ್ ಮಾತ್ರ ತಾನಾಗಿ ಅರ್ಥವಾಗುವುದಿಲ್ಲ.

ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಕೋಡಿಂಗ್ ಕಲಿಯುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ನಮ್ಮ ಮಾತು ಇಷ್ಟೇ. ನಾಳೆ ಊರಿನ ಲೆಕ್ಕ ನಿಮ್ಮ ಕೈಗೆ ಬರುತ್ತದೆ. ಅದನ್ನು ಮತ್ತೆ ಶಿಕಸ್ತಾದಲ್ಲಿ ಬರೆಯಬೇಡಿ.